ಮೂರನೆಯ ಒಲೆಗುಂಡು

ಹೊಳೆದಂಡೆಯ ಆಶ್ರಮಕ್ಕೆ ದೇವೀರಿ ಬಂದಾಗ ಅವಳ ಚೀಲದಲ್ಲಿ ಎರಡು ಪುಸ್ತಕಗಳಿದ್ದವು. ಮುಖದಲ್ಲಿ ಜೀವ ಇರಲಿಲ್ಲ.

ಅವಳು ಅಂಗಿ ಹೊಲಿಯುತ್ತಿದ್ದ ಕಾರ್ಖಾನೆ ಬಾಗಿಲು ಹಾಕಿತ್ತು. ಕೊನೆಗೆ ಕೈಗೆ ಬಂದ ಹಣವೇ ಅವಳ ಸರ್ವಸ್ವ. ಮನೆ ಬಾಡಿಗೆ, ಮಗಳ ಓದು, ಎಲ್ಲ ಅದರಿಂದಲೇ ಆಗಬೇಕು.

ಗುರು ಸಾತಯ್ಯ ಮರದಡಿ ರಾಗಿ ಹಿಟ್ಟು ಕದಡುತ್ತಿದ್ದ.

"ಅಯ್ಯ, ಇವೆರಡರಲ್ಲಿ ಯಾವುದನ್ನು ನಂಬಿ ದುಡ್ಡು ಹೂಡಲಿ?"

"ಏನು ಹೇಳ್ತವೆ?"

"ನೀಲಿ ಪುಸ್ತಕ, ದುಡ್ಡು ಷೇರಿಗೆ ಹಾಕಿ ಇಪ್ಪತ್ತು ವರ್ಷ ಮರೆತುಬಿಡು ಅನ್ನುತ್ತೆ."

"ಮರೀತೀಯ?"

"ಬಾಡಿಗೆ ಕೇಳೋನು ಮರೀಬೇಕಲ್ಲ!"

"ಕೆಂಪು?"

ದೇವೀರಿ ತಲೆ ತಗ್ಗಿಸಿದಳು. "ನಾನು ಬಡವಿಯಾಗಿರೋದು ನನ್ನ ಮನಸ್ಸಿನಿಂದಲೇ ಅಂತೆ. ಮನಸ್ಸು ಸಣ್ಣದಂತೆ. ಅದನ್ನ ದೊಡ್ಡದು ಮಾಡೋ ಶಿಬಿರ ಇದೆ. ಪುಸ್ತಕ ಮಾರಿದ ಮೇಷ್ಟ್ರು ಸಂಜೆ ಶಿಬಿರದ ದುಡ್ಡಿಗೆ ಬರ್ತಾರೆ. ಬ್ಯಾಂಕಿನಲ್ಲಿರೋದೆಲ್ಲಾ ತೆಗೆದಿಟ್ಟಿರು, ಹಿಂದೆಮುಂದೆ ನೋಡಿದರೆ ಬಡತನ ಅಂಟಿಕೊಂಡೇ ಇರುತ್ತೆ ಅಂದರು."

"ಕೊಡ್ತೀಯ?"

"ನನಗೇ ಗೊತ್ತಿಲ್ಲ ಅಯ್ಯ. ಮನಸ್ಸು ಸರಿಯಿದ್ದಿದ್ದರೆ ಹೀಗ್ಯಾಕೆ ಆಗ್ತಿತ್ತು?"

ಸಾತಯ್ಯ ಪಾತ್ರೆ ಅವಳ ಮುಂದಿಟ್ಟ.

"ಹೂಡಬೇಕು ಅಂದೆಯಲ್ಲ. ಮೊದಲು ಒಲೆ ಹೂಡು. ಹಸಿವಾಗಿದೆ."

ಅವಳು ಕಲ್ಲು ತರಲು ಎದ್ದಳು.

"ಕಲ್ಲು ಯಾಕೆ? ತಂದಿರೋದರಲ್ಲೇ ಹೂಡು."

ದೇವೀರಿ ಗುರುವಿನ ಮುಖ ನೋಡಿದಳು. ಆತ ನಗುತ್ತಿರಲಿಲ್ಲ. ಅವಳು ಪುಸ್ತಕಗಳನ್ನು ಆ ಕಡೆ ಒಂದು, ಈ ಕಡೆ ಒಂದು ನಿಲ್ಲಿಸಿ ಪಾತ್ರೆ ಇಟ್ಟಳು. ಪಾತ್ರೆ ವಾಲಿತು. ಅರ್ಧ ಹಿಟ್ಟು ಮಣ್ಣಿಗೆ ಹೋಯಿತು.

"ಅಯ್ಯೋ! ಎರಡು ಗುಂಡಿನ ಒಲೆ ಎಲ್ಲಾದರೂ ಉಂಟೇ? ಇನ್ನೊಂದು ಬೇಕು."

"ಆ ಮೂರನೆಯ ಗುಂಡನ್ನೇ ನಾನೂ ಕೇಳ್ತಿರೋದು. ಕೆಂಪಿನಲ್ಲಿ ನಿನ್ನ ಮನಸ್ಸಿದೆ. ನೀಲಿಯಲ್ಲಿ ನಿನ್ನ ದುಡ್ಡಿದೆ. ನಿನಗೆ ಸಂಬಳ ಕೊಟ್ಟವನು ಯಾವುದರಲ್ಲಿದ್ದಾನೆ? ಹುಡುಕು."

ಅವಳು ಹಾಳೆ ತಿರುವಿದಳು. ಮೊದಲಿನಿಂದ ಕೊನೆಯವರೆಗೂ ತಿರುವಿದಳು.

"ಎಲ್ಲೂ ಇಲ್ಲ."

"ನೀನು ಹೊಲಿದ ಅಂಗಿ ಅಂಗಡಿಯಲ್ಲಿ ಎಷ್ಟಕ್ಕೆ ಹೋಗ್ತಿತ್ತು?"

"ಒಂದು ಅಂಗಿಗೆ ನನ್ನ ವಾರದ ಕೂಲಿ."

"ಹೊಲಿಯುವಾಗ ನಿನ್ನ ಮನಸ್ಸು ಎಲ್ಲಿರ್ತಿತ್ತು?"

"ಸೂಜಿ ಮೇಲೆ. ಆ ಕಡೆ ಈ ಕಡೆ ಹೋದರೆ ಬೆರಳೇ ಹೋಗ್ತಿತ್ತು."

"ಅಂಥಾ ಮನಸ್ಸನ್ನು ಸಣ್ಣದು ಅಂದವನಿಗೆ ನಾಚಿಕೆ ಆಗಬೇಕು. ನೀನ್ಯಾಕೆ ತಲೆ ತಗ್ಗಿಸಿದ್ದೀಯ?"

ದೇವೀರಿ ತಲೆ ಎತ್ತಿದಳು. ಎದೆಯ ಮೇಲೆ ಕೂತಿದ್ದ ಏನೋ ಒಂದು ಎದ್ದು ಹೋದಂತಾಯಿತು. ಉಸಿರು ಉದ್ದವಾಗಿ ಹೊರಟಿತು. ಅವಳು ದಂಡೆಗೆ ಹೋಗಿ ಮೂರು ಕಲ್ಲು ಆಯ್ದು ತಂದಳು, ಒಲೆ ಹೂಡಿದಳು, ಉರಿ ಹಚ್ಚಿದಳು.

ಅಂಬಲಿ ಕುದಿಯುವ ಹೊತ್ತಿಗೆ ಫೋನ್ ಬಂತು. ಮೇಷ್ಟ್ರು.

"ಎಲ್ಲಿದ್ದೀರಮ್ಮ? ಬ್ಯಾಂಕಿನಿಂದ ತೆಗೆದಿರಾ?"

"ಇಲ್ಲ ಸಾರ್. ಅದು ಅಲ್ಲೇ ಇರಲಿ. ಬಾಡಿಗೆಗೆ, ಮಗಳ ಫೀಸಿಗೆ ಬೇಕು."

"ನೋಡಿ, ಇದೇ ಬಡವರ ಮನಸ್ಸು!"

"ಹೌದು ಸಾರ್. ಮನಸ್ಸು ಬಡವಿಯದೇ. ದುಡ್ಡು ಮಾತ್ರ ನಂದು."

ಫೋನ್ ಇಟ್ಟವಳಿಗೆ ನಗು ಬಂತು. ಕಾರ್ಖಾನೆ ಮುಚ್ಚಿದಾಗಿನಿಂದ ಬಾರದಿದ್ದ ನಗು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಸಾತಯ್ಯ ಅವಳ ಬಟ್ಟಲಿಗೆ ಅಂಬಲಿ ಬಗ್ಗಿಸಿದ. ಅರ್ಧ ಚೆಲ್ಲಿಹೋಗಿದ್ದರೂ ಇಬ್ಬರಿಗೂ ಆಯಿತು.

ಕುಡಿದು ಮುಗಿಸಿ ಅವಳು ಪುಸ್ತಕಗಳ ಮಣ್ಣು ಕೊಡವಿದಳು.

"ಇವನ್ನೇನು ಮಾಡಲಿ ಅಯ್ಯ? ಒಲೆಗೆ ಹಾಕಲಾ?"

"ಬೇಡ. ನೀಲಿ ಇರಲಿ, ಬಾಡಿಗೆ ಕೊಟ್ಟು ಮಿಕ್ಕಿದ ದಿನ ಓದು. ಕೆಂಪನ್ನ ಕಾರ್ಖಾನೆ ಯಜಮಾನನಿಗೆ ಕಳಿಸು. ಮನಸ್ಸು ಸಣ್ಣದಿರೋದು ಅವನದು."