ಬೇವಿನ ಇದ್ದಿಲು

"ಬುದ್ಧೀ, ಬೇಕಾದದ್ದು ಮರಳಿ ಬಂದಾಗಲೇ ಕೆಡುಕಾಗುವುದು ಹೇಗೆ?" ಎಂದು ಗುರುಮಲ್ಲು ಗುರುಗಳನ್ನು ಕೇಳಿದ.

ಅವನ ತಾಯಿಯ ಮಿದುಳಿಗೆ ರಕ್ತ ಹರಿಯುವುದು ನಿಂತುಹೋಗಿತ್ತು. ವೈದ್ಯರು ಅಡ್ಡಗಟ್ಟಿದ್ದನ್ನು ತೆಗೆದು ಮತ್ತೆ ಹರಿಸಿದರು. ಜೀವ ಉಳಿಯಿತು, ಮಗನ ಗುರುತು ಉಳಿಯಲಿಲ್ಲ. ರಕ್ತ ನಿಂತಾಗ ಆದ ಹಾನಿ ಒಂದು, ಅದು ನುಗ್ಗಿ ಬಂದಾಗ ಆದದ್ದು ಇನ್ನೊಂದು ಎಂದು ವೈದ್ಯರು ಹೇಳಿದ್ದರು. ರಕ್ತದೊಂದಿಗೆ ಬಂದ ಆಮ್ಲಜನಕವೇ ಸೊರಗಿದ್ದ ಜೀವಕೋಶಗಳನ್ನು ಹೊಕ್ಕು, ಅವು ನೋಡಿ ನಡೆಯುವ ಡಿಎನ್‌ಎ ಎಂಬ ಬರಹವನ್ನು ಅಲ್ಲಲ್ಲಿ ಸುಟ್ಟಿತ್ತಂತೆ. ಬದುಕುಳಿದ ಜೀವಕೋಶಗಳು ಅದನ್ನು ತಾವೇ ತಿದ್ದಿಕೊಳ್ಳುತ್ತವೆ, ಕಾಯಬೇಕು ಎಂದೂ ಹೇಳಿದ್ದರು. ಕಾಯುವುದು ಗುರುಮಲ್ಲುವಿನಿಂದ ಆಗುತ್ತಿರಲಿಲ್ಲ. ತಾಯಿ ಒಂದೇ ಒಂದು ಸಲ 'ಮಲ್ಲೂ' ಎಂದು ಕರೆದರೆ ಸಾಕು ಎಂದು ಅವನ ಜೀವ ಹಂಬಲಿಸುತ್ತಿತ್ತು. "ನಾನ್ಯಾರು ಹೇಳವ್ವ" ಎಂದು ದಿನವೂ ಕೇಳುತ್ತಿದ್ದ. ಅವಳು ತಡವರಿಸಿ ಅಳುತ್ತಿದ್ದಳು.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಇದ್ದಿಲು ಸುಡುವವನಿದ್ದ. ಅವನ ಹೆಂಡತಿ ಮದುವೆಯಾಗಿ ಬಂದ ವರ್ಷ ಅಂಗಳದಲ್ಲಿ ಬೇವಿನ ಸಸಿ ನೆಟ್ಟಿದ್ದಳು. ಅವಳು ತೀರಿಕೊಂಡಳು. ಆಮೇಲೊಂದು ಬಿರುಗಾಳಿಗೆ ಮರವೂ ಬಿತ್ತು. ಬಿದ್ದ ಮರವನ್ನು ಹಾಗೇ ಇಟ್ಟರೆ ಮಳೆಗೆ ಕೊಳೆಯುತ್ತದೆ, ಇದ್ದಿಲು ಕೊಳೆಯುವುದಿಲ್ಲ. ಹದವಾಗಿ ಸುಟ್ಟರೆ ಇದ್ದಿಲಿನಲ್ಲೂ ಮರದ ವರ್ಷವರ್ಷದ ಸುತ್ತುಗಳು ಉಳಿಯುತ್ತವೆ. ಅವಳು ತನ್ನ ಜೊತೆ ಬಾಳಿದ ವರ್ಷಗಳನ್ನು ಬೆರಳಿನಿಂದ ಮುಟ್ಟಿ ನೋಡಬೇಕೆಂದು ಅವನಿಗೆ ಆಸೆಯಾಯಿತು.

ಬೊಡ್ಡೆಯ ತುಂಡುಗಳನ್ನು ಗೂಡಾಗಿ ಒಟ್ಟಿ, ಹಸಿ ಸೊಪ್ಪು ಹೊದಿಸಿ, ಮಣ್ಣು ಮೆತ್ತಿ ಬೆಂಕಿಯಿಟ್ಟ. ಬಿಳಿ ಹೊಗೆ ತೆಳ್ಳಗೆ ನೀಲಿಯಾದಾಗ, ಮರ ಬೆಂದಿತೆಂದು ತಿಳಿದು ಗಾಳಿಕಿಂಡಿಗಳನ್ನೆಲ್ಲ ಮುಚ್ಚಿದ. ಹೊಗೆ ನಿಂತಿತು. ಆ ಕಸುಬಿನವರು ಮಣ್ಣಿನ ಮೇಲೆ ಅಂಗೈ ಊರಿ ನೋಡುತ್ತಾರೆ, ತಣ್ಣಗೆ ತಾಗುವವರೆಗೆ ಗೂಡು ಒಡೆಯುವುದಿಲ್ಲ. ಇವನೂ ಊರಿದ. ಬಿಸಿಯಿತ್ತು. ಆದರೂ ಗುದ್ದಲಿ ಎತ್ತಿಕೊಂಡ.

ನೆರೆಮನೆಯ ಮುದುಕಿ ಕೂಗಿದಳು: "ಬೇಯೋಗಂಟ ಇದ್ದೋನು ಆರೋಗಂಟ ಇರಕಾಗಕಿಲ್ವೇನಪ್ಪ? ಒಳಗಿನ್ನೂ ಕಾವದೆ. ಗಾಳಿ ಹೊಕ್ಕರೆ ಬೂದಿ ಆಯ್ತದೆ."

"ಎಷ್ಟು ದಿನದಿಂದ ಉಸಿರಿಲ್ದೆ ಬಿದ್ದದೆ ಕಣವ್ವ. ಒಸಿ ಗಾಳಿ ಆಡ್ಲಿ," ಎಂದ. ಅದು ಬರೀ ನೆಪ. ಅವನಿಗೆ ನೋಡಬೇಕಿತ್ತು, ಅಷ್ಟೇ.

ಗೂಡು ಒಡೆದ. ಗಾಳಿ ನುಗ್ಗಿತು. ಕತ್ತಲಲ್ಲಿ ಇಷ್ಟು ದಿನ ಉಳಿದುಕೊಂಡಿದ್ದು ಗಾಳಿ ತಾಗಿದ್ದೇ ಧಗ್ಗನೆ ಹತ್ತಿಕೊಂಡಿತು. ಅವಳ ವರ್ಷಗಳು ಕಣ್ಣೆದುರೇ ಬೂದಿಯಾಗತೊಡಗಿದವು. ಅವನು ಅಳುತ್ತಾ ಮಣ್ಣು ಬಾಚಿ ಬಾಚಿ ಮುಚ್ಚಿದ. ಮುಚ್ಚಿ, ಪಕ್ಕದಲ್ಲೇ ಕುಳಿತ.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಗುರುಮಲ್ಲು ಹತ್ತಿರಕ್ಕೆ ಸರಿದು ಕೇಳಿದ:

"ಒಳಗೆ ಏನಾದರೂ ಉಳಿದಿತ್ತೇ, ಬುದ್ಧೀ?"

"ಉಳಿದಿತ್ತು. ಈ ಸಲ ಅವನು ಮಣ್ಣು ಅಂಗೈಗೆ ತಣ್ಣಗಾಗುವವರೆಗೂ ಕಾದ. ಹೊರಗಿನ ಸುತ್ತುಗಳೆಲ್ಲ ಹೋಗಿದ್ದವು. ನಡುವಿನ ತಿರುಳು, ಅವಳು ನೆಟ್ಟ ವರ್ಷದ್ದು, ಕೈಗೆ ಸಿಕ್ಕಿತು."

ಗುರುಮಲ್ಲುವಿನ ಮುಖ ಅರಳಿತು. ಈಗಲೇ ತಾಯಿಯ ಬಳಿಗೆ ಹೋಗಬೇಕೆಂದು ಕಣ್ಣೊರೆಸಿಕೊಂಡು ಧಡಕ್ಕನೆ ಎದ್ದ. ಅವನು ಬಾಗಿಲು ದಾಟುವ ಮೊದಲೇ ಗುರುಗಳು ಮೆಲ್ಲಗೆ ಕೇಳಿದರು:

"ಇವತ್ತೂ ಹೋಗಿ, 'ನಾನ್ಯಾರು ಹೇಳವ್ವ' ಎಂದು ಗುದ್ದಲಿ ಹಾಕುತ್ತೀಯೇನಪ್ಪ?"