ಪೂಜೆಗೆ ಮುಂಚಿನ ಗಂಜಿ

ಹೊಳೆ ದಂಡೆಯ ಆ ಮಠದಲ್ಲಿ ಒಂದು ಕಟ್ಟುನಿಟ್ಟು. ಪೂಜೆ ಮುಗಿಯುವ ತನಕ ಯಾರೂ ಬಾಯಿಗೆ ತುತ್ತು ಇಡುವಂತಿಲ್ಲ.

ಪೂಜೆಗೆ ನೀರು ಹೊರುವವನು ಶಿಷ್ಯ ಮರುಳಯ್ಯ. ಹೊಳೆಯಿಂದ ಮಠಕ್ಕೆ ಅರವತ್ತು ಮೆಟ್ಟಿಲು, ದೊಡ್ಡ ತಾಮ್ರದ ಕೊಡ. ಅವನಿಗೂ ಅರವತ್ತರ ಹತ್ತಿರ ವಯಸ್ಸು, ಮಂಡಿ ಸವೆದಿತ್ತು.

ಡಾಕ್ಟರು ಊತ ಇಳಿಸುವ ಮಾತ್ರೆ ಕೊಟ್ಟರು. ಹತ್ತೇ ದಿನ, ಏನಾದರೂ ತಿಂದ ಮೇಲೆ ಎಂದರು.

ಮೊದಲ ದಿನವೇ ಮೆಟ್ಟಿಲು ಹಗುರಾದವು. ಮರುಳಯ್ಯ ಆ ಮಾತ್ರೆಗೆ ಕೈಮುಗಿದ. ಹತ್ತು ದಿನ ಕಳೆದ ಮೇಲೆ ಅಂಗಡಿಯಿಂದ ತಾನೇ ತರಿಸಿಕೊಂಡ. ನೀರು ಹೊರುವುದು ಪೂಜೆಗೆ ಮುಂಚೆ, ಹಾಗಾಗಿ ಬರಿಹೊಟ್ಟೆಯಲ್ಲೇ ನುಂಗಿದ. ಹೀಗೆ ನಾಲ್ಕು ತಿಂಗಳು.

ಒಂದು ಬೆಳಿಗ್ಗೆ ಮೆಟ್ಟಿಲ ನಡುವೆ ತಲೆ ತಿರುಗಿ ಕುಸಿದ. ಬರಿಹೊಟ್ಟೆಗೆ ನುಂಗಿದ ಮಾತ್ರೆಯಿಂದ ಹುಣ್ಣಾಗಿ ಹೊಟ್ಟೆಯಲ್ಲಿ ರಕ್ತ ಒಸರುತ್ತಿದೆ ಎಂದರು ಆಸ್ಪತ್ರೆಯಲ್ಲಿ.

ಚೇತರಿಸಿಕೊಂಡು ಬಂದವನು ಉಳಿದ ಮಾತ್ರೆಗಳನ್ನು ಹೊಳೆಗೆ ಎಸೆಯಲು ಹೊರಟ. ಗುರು ನಿರ್ವಾಣಯ್ಯನವರು ಕೈ ಹಿಡಿದರು.

"ಇದು ವಿಷ, ಬುದ್ಧಿ," ಎಂದ ಮರುಳಯ್ಯ.

"ನಾಲ್ಕು ತಿಂಗಳು ನಿನ್ನ ಮೆಟ್ಟಿಲು ಹತ್ತಿಸಿದ್ದು ಯಾರು?"

"ಇದೇ."

"ಉಪಕಾರ ಮಾಡಿದವರನ್ನ ಬೈಬಾರದು. ತಲೆ ಮೇಲೂ ಕೂರಿಸ್ಕೋಬಾರದು."

ಮರುಳಯ್ಯ ಎತ್ತಿದ ಕೈ ಇಳಿಸಿದ. ಗುರು ಮತ್ತೆ ಕೇಳಿದರು:

"ಮಾತ್ರೆಗೆ ಮುಂಚೆ ಮಂಡಿ ಏನು ಹೇಳ್ತಿತ್ತು?"

"ಕೊಡ ಭಾರ ಅಂತಿತ್ತು."

"ನನಗ್ಯಾಕೆ ಹೇಳಲಿಲ್ಲ?"

"ಸೇವೆ ತಪ್ಪಿಹೋಗುತ್ತೆ ಅನ್ನೋ ಹೆದರಿಕೆ, ಬುದ್ಧಿ. ಈ ನೀರು ಬಿಟ್ರೆ ನನಗೇನಿದೆ?"

ನಿರ್ವಾಣಯ್ಯನವರು ಬಗ್ಗಿ ಅವನ ಮಂಡಿ ಮುಟ್ಟಿ ನೋಡಿದರು.

"ಇಪ್ಪತ್ತು ವರ್ಷ ನೀನು ತಂದ ನೀರು ನೋಡಿದೆ. ನಿನ್ನ ಕಾಲು ನೋಡಲಿಲ್ಲ. ತಪ್ಪು ನಂದೂ ಇದೆ."

ಅಂದಿನಿಂದ ಕೊಡ ಹೋಗಿ ತಂಬಿಗೆ ಬಂತು. ಹುಣ್ಣು ಮಾಯುವ ತನಕ ಮಾತ್ರೆ ಇಲ್ಲ, ಬಿಸಿನೀರಿನ ಕಾವು ಅಷ್ಟೇ. ಮರುಳಯ್ಯ ಗೊಣಗಿದ. ಆದರೂ ನೀರು ತಪ್ಪಲಿಲ್ಲ.

ಚಳಿಗಾಲಕ್ಕೆ ಮಂಡಿ ಮತ್ತೆ ಊದಿತು. ಡಾಕ್ಟರು ಪರೀಕ್ಷೆ ಮಾಡಿಸಿ, ಅಳೆದು ಸುರಿದು, ಕೊನೆಗೆ ಹೇಳಿದರು: "ಐದೇ ದಿನ. ಹೊಟ್ಟೆಗೆ ರಕ್ಷಣೆ ಕೊಡೋ ಮಾತ್ರೆ ಜೊತೆಗೆ. ತಿಂದ ಮೇಲೆ. ಮಲ ಕಪ್ಪಗಾದ್ರೆ ಅವತ್ತೇ ಬನ್ನಿ."

ಮರುದಿನ ಬೆಳಿಗ್ಗೆ ಮರುಳಯ್ಯ ಮೆಟ್ಟಿಲ ಬುಡದಲ್ಲಿ ಮಾತ್ರೆ ಹಿಡಿದು ನಿಂತಿದ್ದ. ಪೂಜೆ ಆಗದೆ ತಿನ್ನುವಂತಿಲ್ಲ. ತಿನ್ನದೆ ನುಂಗುವಂತಿಲ್ಲ. ನುಂಗದೆ ಹತ್ತುವಂತಿಲ್ಲ.

ಮೇಲಿನಿಂದ ನಿರ್ವಾಣಯ್ಯನವರು ಒಂದೊಂದೇ ಮೆಟ್ಟಿಲಿಳಿದು ಬಂದರು. ಕೈಯಲ್ಲಿ ಬಿಸಿ ರಾಗಿ ಗಂಜಿಯ ಬಟ್ಟಲು.

ಮರುಳಯ್ಯನ ಕಣ್ಣು ತುಂಬಿತು. ಗುರುವಿನ ಕೈಯಿಂದ ಬಟ್ಟಲು ಇಸಿದುಕೊಂಡ, ಆದರೆ ಬಾಯಿಗಿಡಲು ಧೈರ್ಯ ಬರಲಿಲ್ಲ.

"ದೇವರಿಗಿಂತ ಮುಂಚೆ ನಾನು ಕುಡಿಯೋದಾ, ಬುದ್ಧಿ?"

"ಕುಡಿಯಪ್ಪ. ಪೂಜೆ ತಡವಾದ್ರೆ ದೇವರ ಹೊಟ್ಟೇಲಿ ಹುಣ್ಣಾಗಲ್ಲ."