ಐದು ಗೇಣಿನ ಕೊಂಬು

"ಗುರುಗಳೇ, ಮಲಗಿ ಎದ್ದರೂ ಆರದ ದಣಿವು ಎಲ್ಲಿಂದ ಬರುತ್ತದೆ?" ಎಂದು ಮರುಳಸಿದ್ಧ ಕೇಳಿದ.

ಅವನು ಮಠಕ್ಕೆ ಬಂದು ಹದಿನಾರು ವರ್ಷಗಳಾಗಿದ್ದವು. ಊರೂರುಗಳ ಸಭೆಗಳಲ್ಲಿ ಅವನ ಮಾತಿಗೆ ತಲೆದೂಗದವರಿರಲಿಲ್ಲ. ಹಿಂದಿನ ದಿನವಷ್ಟೇ ಒಂದು ಸಭೆಯಿಂದ ಶಾಲು ಹೊದ್ದು ಮರಳಿದ್ದ. ಗುರುಗಳು ಅವನ ಮುಖವನ್ನು ನೋಡಿ, ಗೋಡೆಗೆ ಒರಗಿ ಕುಳಿತು ಹೇಳತೊಡಗಿದರು.

ಗುಡ್ಡಗಾಡಿನ ಒಂದು ಊರಿನಲ್ಲಿ ಒಬ್ಬ ಬೇಟೆಗಾರನಿದ್ದ. ಮಣ್ಣಿನ ಮೇಲೆ ಗೊರಸಿನ ಗುರುತು ಕಂಡರೆ ಸಾಕು, ಗಂಡೋ ಹೆಣ್ಣೋ, ಈ ಬೆಳಗ್ಗೆ ಹೋದದ್ದೋ ನಿನ್ನೆ ಹೋದದ್ದೋ ಹೇಳಿಬಿಡುತ್ತಿದ್ದ. ಸೊಂಟದಲ್ಲಿ ಬೂದಿಯ ಚೀಲ ಇಟ್ಟುಕೊಂಡಿರುತ್ತಿದ್ದ. ಒಂದು ಚಿಟಿಕೆ ಹಾರಿಸಿ ಗಾಳಿ ಯಾವ ಕಡೆಯದೆಂದು ನೋಡಿ, ಅದಕ್ಕೆ ಎದುರಾಗಿಯೇ ನಡೆಯುತ್ತಿದ್ದ. ಅವನ ವಾಸನೆ ಮೃಗಕ್ಕೆ ಮುಟ್ಟುತ್ತಿರಲಿಲ್ಲ. ಮೊದಮೊದಲು ಮನೆಯಲ್ಲಿ ರಾಗಿ ಮುಗಿದಾಗ ಮಾತ್ರ ಕಾಡಿಗೆ ಹೋಗುತ್ತಿದ್ದ. ಒಮ್ಮೆ ನಾಲ್ಕು ಗೇಣು ಕೊಂಬಿನ ಕಡವೆ ಅವನ ಕೋವಿಯ ಗುಂಡು ತಾಗಿ ಬಿತ್ತು. ಪಾಳೆಯಗಾರ ಅದನ್ನು ಕಂಡು, ತುಂಬಿದ ಚಾವಡಿಯಲ್ಲಿ ಅವನ ಹೆಸರು ಹಿಡಿದು ಹೊಗಳಿದ. ಅಂದಿನಿಂದ ಮಾಂಸ ಯಾರಿಗಾದರೂ ಸರಿ, ಕೊಂಬು ತನಗೆ ಎಂದಾಯಿತು.

ಗೋಡೆಯ ತುಂಬ ಕೊಂಬುಗಳಾದವು. ಸುತ್ತಲಿನ ಬೇಟೆಗಾರರು ಅವನ ಜಗಲಿಗೆ ಬಂದು ಕೂರುವುದು ರೂಢಿಯಾಯಿತು. ದಾರ ಹಿಡಿದು ಕೊಂಬು ಅಳೆಯುವರು. ಯಾವ ಗುಡ್ಡದಲ್ಲಿ ಯಾವ ಗಂಡು ಕಾಣಿಸಿತು, ಯಾರ ಗುಂಡು ತಾಗಿತು, ಯಾರದು ತಪ್ಪಿತು, ಇದೇ ಸುದ್ದಿ. ಬೇರೆಯವರ ಕೊಂಬು ತನ್ನದಕ್ಕಿಂತ ನಾಲ್ಕು ಬೆರಳು ಹೆಚ್ಚೆಂದು ಕೇಳಿದ ದಿನ ಅವನಿಗೆ ತುತ್ತು ಇಳಿಯುತ್ತಿರಲಿಲ್ಲ.

ಹೀಗಿರಲು ಒಂದು ಸುದ್ದಿ ಬಂತು. ಪಡುವಣ ಕಣಿವೆಯಲ್ಲಿ ಐದು ಗೇಣು ಕೊಂಬಿನ ಕಡವೆಯೊಂದು ಓಡಾಡುತ್ತಿದೆ, ಅದರ ಎಡಗೊಂಬಿನ ಒಂದು ಕವಲು ಕೆಳಕ್ಕೆ ಬಾಗಿ ಕಣ್ಣಿನ ಹತ್ತಿರ ಬಂದಿದೆ.

ಆಗ ಬೇಟೆಗಾರನಿಗೆ ಐವತ್ತು ದಾಟಿತ್ತು. ಏರು ಹತ್ತಿದರೆ ಮೊಣಕಾಲು ಹಿಡಿದುಕೊಳ್ಳುತ್ತಿತ್ತು. "ಈ ವರ್ಷ ಬೇಡ, ಮೈ ಕೇಳುವುದಿಲ್ಲ" ಎಂದಳು ಹೆಂಡತಿ. "ಇದೊಂದು ಆಗಲಿ, ಆಮೇಲೆ ಕೋವಿ ಅಟ್ಟಕ್ಕೆ" ಎಂದ. ಈ ಮಾತನ್ನು ಅವಳು ಹಿಂದೆಯೂ ಕೇಳಿದ್ದಳು. ಬುತ್ತಿ ಕಟ್ಟಿಕೊಟ್ಟಳು.

ಎರಡು ವರ್ಷ ಅಲೆದ. ಕಡವೆ ಕೊಂಬು ಉಜ್ಜಿದ ಮರ, ಹೊರಳಾಡಿದ ಕೆಸರು, ನೀರಿಗೆ ಇಳಿಯುವ ಹಾದಿ ಎಲ್ಲವೂ ತಿಳಿಯಿತು; ಅದು ಮಾತ್ರ ಕಣ್ಣಿಗೆ ಬೀಳಲಿಲ್ಲ. ಮೂರನೆಯ ವರ್ಷ ಬೇಸಿಗೆ ಹತ್ತಿರ ಬಂತು. ಬೇಸಿಗೆಯಲ್ಲಿ ಕಡವೆಯ ಕೊಂಬು ಕಳಚಿ ಬೀಳುತ್ತದೆ, ಮಳೆಗಾಲದಲ್ಲಿ ಹೊಸದು ಮೂಡುತ್ತದೆ. ಬೀಳುವ ಮೊದಲೇ ಹೊಡೆಯಬೇಕೆಂದು ಅವನು ಹತ್ತು ದಿನ ಕಣಿವೆ ಬಿಟ್ಟು ಕದಲಲಿಲ್ಲ. ಹನ್ನೊಂದನೆಯ ಬೆಳಗ್ಗೆ ಕಡವೆ ನೀರಿಗೆ ಬಂತು. ಇಪ್ಪತ್ತು ಹೆಜ್ಜೆ ದೂರ. ಕೋವಿ ಎತ್ತಿ ನೋಡಿದರೆ ಅದರ ತಲೆ ಬೋಳಾಗಿತ್ತು.

ಅವನು ಕೋವಿ ಇಳಿಸಿದ. ಕಡವೆ ಸಾವಕಾಶವಾಗಿ ನೀರು ಕುಡಿದು ಹೋಯಿತು. ಅದು ಬಂದ ಹಾದಿಯನ್ನೇ ಹಿಡಿದು ನಡೆದಾಗ ಪೊದೆಯ ಬುಡದಲ್ಲಿ ಒಂದು ಕೊಂಬು, ಸ್ವಲ್ಪ ಆಚೆಗೆ ಇನ್ನೊಂದು ಬಿದ್ದಿದ್ದವು. ಗೇಣು ಹಾಕಿ ನೋಡಿದ. ಸರಿಯಾಗಿ ಐದು. ಎರಡನ್ನೂ ಹೆಗಲ ಮೇಲೆ ಹೊತ್ತು ಊರ ಕಡೆ ಹೊರಟ. ಸುಳ್ಳು ಹೇಳುವ ಯೋಚನೆ ಅವನಿಗಿರಲಿಲ್ಲ. ಕಾಲೆಳೆಯುತ್ತ ಊರ ಬಾಗಿಲಿಗೆ ಬಂದಾಗ ಜನ "ಹೊಡೆದುಬಿಟ್ಟ, ಹೊಡೆದುಬಿಟ್ಟ" ಎಂದು ಓಡಿಬಂದರು. ಅಲ್ಲ ಎನ್ನುವುದಕ್ಕೆ ತುಂಬ ಮಾತಾಡಬೇಕಿತ್ತು. ಅಷ್ಟು ತ್ರಾಣ ಅವನಲ್ಲಿರಲಿಲ್ಲ. "ಮೈ ಎಲ್ಲಿ?" ಎಂದು ಯಾರೋ ಕೇಳಿದರು. "ಸೀಳುನಾಯಿಗಳು ತಿಂದುಹಾಕಿದವು" ಎಂದ.

ಪಾಳೆಯಗಾರ ಅವನ ತಲೆಗೆ ಮುಂಡಾಸು ಸುತ್ತಿಸಿದ. ಬೇಟೆಗಾರ ಮನೆಗೆ ಬಂದು, ಬುಡ ಕಾಣದಂತೆ ಕೊಂಬುಗಳನ್ನು ಹಲಗೆಗೆ ಬಿಗಿದು ಗೋಡೆಗೆ ಹಾಕಿದ. ಕೊಂದ ಮೃಗದ ಕೊಂಬಿಗೆ ತಲೆಬುರುಡೆಯ ಮೂಳೆ ಅಂಟಿರುತ್ತದೆ. ಕಳಚಿ ಬಿದ್ದದ್ದರ ಬುಡ ಬರಿದೇ ದುಂಡಗಿರುತ್ತದೆ. ಊರಿನ ಗದ್ದಲದಲ್ಲಿ ಯಾರೂ ಬುಡ ನೋಡಿರಲಿಲ್ಲ; ಬಲ್ಲವರು ನೋಡಿದರೆ ಮುಗಿಯಿತು.

ಮಳೆಗಾಲ ಕಳೆಯಿತು. ಜಗಲಿಗೆ ಮತ್ತೆ ಸುದ್ದಿ ಬಂತು. ಪಡುವಣ ಕಣಿವೆಯಲ್ಲಿ ದೊಡ್ಡ ಕಡವೆ ಕಂಡಿದೆ, ಎಡಗೊಂಬಿನ ಕವಲು ಕೆಳಕ್ಕೆ ಬಾಗಿದೆ. ಬೇಟೆಗಾರನಿಗೆ ಒಂದೇ ಯೋಚನೆ: ಯಾರಾದರೂ ಅದನ್ನು ಹೊಡೆದು ತಂದರೆ? ಆ ದಿನವೇ ಕೋವಿ ತೆಗೆದುಕೊಂಡು ಹೊರಟ. ತಾನೇ ಕೊಂದು ಹೂತುಬಿಡೋಣ ಎಂದುಕೊಂಡಿದ್ದ. ಆದರೆ ಕಣ್ಣು ಮೊದಲಿನಂತಿರಲಿಲ್ಲ. ಮೂರು ಸಲ ಗುಂಡು ತಪ್ಪಿತು. ತನ್ನಿಂದ ಕೊಲ್ಲಲಾಗದಿದ್ದರೆ ಬೇರೆಯವರಿಂದಲೂ ಆಗದಂತೆ ನೋಡಿಕೊಳ್ಳಬೇಕಲ್ಲ. ಯಾರೇ ಆ ಕಣಿವೆಗೆ ಬೇಟೆಗೆ ಬರಲಿ, ಅವನು ಅವರಿಗಿಂತ ಮೊದಲೇ ಹೋಗಿ ಗಾಳಿ ಬೀಸಿ ಬರುವ ಕಡೆ ನಿಂತುಬಿಡುತ್ತಿದ್ದ. ಅವನ ವಾಸನೆ ಹಿಡಿದು ಕಡವೆ ಓಡಿಹೋಗುತ್ತಿತ್ತು.

ಹೀಗೆ ಹನ್ನೊಂದು ವರ್ಷ. ಮಂಜಿನಲ್ಲಿ ನೆನೆದ, ಜ್ವರ ಬಂದು ಮಲಗಿದ, ಎದ್ದು ಮತ್ತೆ ಹೋದ. ಮಗಳ ಮದುವೆಯ ದಿನ ಧಾರೆ ಎರೆದವನು ಊಟಕ್ಕೂ ನಿಲ್ಲದೆ ಕಣಿವೆಗೆ ನಡೆದ. ಮುದುಕನಿಗೆ ಮೃಗಗಳ ಮೇಲೆ ಕರುಣೆ ಹುಟ್ಟಿದೆ ಎಂದು ಜನ ಅವನ ಕಾಲು ಮುಟ್ಟತೊಡಗಿದರು. ಅದನ್ನೂ ಅವನು ಅಲ್ಲ ಎನ್ನಲಿಲ್ಲ.

ಹನ್ನೆರಡನೆಯ ವರ್ಷ ಕಡವೆ ಮುಪ್ಪಾಗಿ ತಾನೇ ಸತ್ತಿತು. ದನ ಕಾಯುವವರು ಅದರ ತಲೆಯನ್ನು ಹೊತ್ತು ನೇರ ಅವನ ಮನೆಗೇ ತಂದರು. ಗೋಡೆಯ ಕೊಂಬಿನ ಪಕ್ಕ ಹಿಡಿದು ನೋಡಿದರು. ಅದೇ ಬಾಗು, ಅದೇ ಕವಲು. ಬೇಟೆಗಾರ ಕಂಬ ಹಿಡಿದು ನಿಂತ.

"ನೀವು ಹೊಡೆದ ಕಡವೆಯ ಮಗನೇ ಇರಬೇಕು, ಅಜ್ಜ" ಎಂದು ಅವರು ನಕ್ಕು, ಅದನ್ನೂ ಅಲ್ಲೇ ಇಟ್ಟು ಹೋದರು.

ಅವನು ಕಂಬ ಬಿಟ್ಟು ಬಾಗಿಲು ಮುಂದೆ ಮಾಡಿದ. ಆಮೇಲೆ ಹೆಂಡತಿಯ ಎದುರು ಹೋಗಿ ಕುಳಿತು ನಡೆದದ್ದೆಲ್ಲ ಹೇಳಿದ. ಅವಳು ಮೊರದಲ್ಲಿ ಕಾಳು ಆರಿಸುತ್ತಲೇ ಕೇಳಿದಳು.

"ನನಗೆ ಗೊತ್ತು. ನೀವು ಹಲಗೆಗೆ ಬಿಗಿಯುವ ಮೊದಲೇ ಅದರ ಬುಡ ನೋಡಿದ್ದೆ" ಎಂದಳು.

"ಮತ್ತೆ ಇಷ್ಟು ವರ್ಷ ಒಂದು ಮಾತೂ ಕೇಳಲಿಲ್ಲವಲ್ಲ?"

"ಕೇಳಿದ್ದರೆ ನನಗೂ ಒಂದು ಸುಳ್ಳು ಹೇಳುತ್ತಿದ್ದಿರಿ. ಆಮೇಲೆ ಮನೆಯಲ್ಲೂ ನಿಮಗೆ ಕೂರಲು ಜಾಗ ಇರುತ್ತಿರಲಿಲ್ಲ."

ಬೇಟೆಗಾರ ಎದ್ದು ಹೋಗಿ, ಜಗಲಿಯ ಮೇಲೆ ಕಂಬಳಿ ಹಾಸಿಕೊಂಡು ಮಲಗಿದ. ಮರುದಿನ ಬಿಸಿಲು ಮುಖದ ಮೇಲೆ ಬಿದ್ದರೂ ಗೊರಕೆ ಹೊಡೆಯುತ್ತಲೇ ಇದ್ದ. ಅವಳು ಎಬ್ಬಿಸಲಿಲ್ಲ.

ಗುರುಗಳು ಕತೆ ನಿಲ್ಲಿಸಿ ಕಣ್ಣು ಮುಚ್ಚಿದರು.

"ಪಾಪ, ಹನ್ನೊಂದು ವರ್ಷ ಸುಮ್ಮನೆ ಕಾವಲು ಕಾದ" ಎಂದ ಮರುಳಸಿದ್ಧ.

"ನಿನ್ನ ಕಾವಲು ಎಷ್ಟು ವರ್ಷದ್ದು, ಮರುಳಸಿದ್ಧ?"